ಹೂಂಗುಟ್ಟದ ತರಗತಿ

ಅಂದು ಬೆಳಿಗ್ಗೆ ಬೆಳ್ಳಕ್ಕಿಕೊಪ್ಪದ ಜೋಳದ ಹೊಲಗಳ ಮೇಲೆ ಮಂಜು ದಟ್ಟವಾಗಿ ಕೂತಿತ್ತು. ಶಾಲೆಯ ಮಾಳಿಗೆಯ ಸೌರಫಲಕಗಳಿಂದ ಇಬ್ಬನಿ ತೊಟ್ಟಿಕ್ಕುತ್ತಿತ್ತು. ಬಿಸಿಲು ಬೀಳದೆ ಪಾಠ ಹೇಳುವ ಯಂತ್ರ ಎಚ್ಚರಗೊಳ್ಳುವುದೂ ತಡವಾಯಿತು. ಏಳನೆಯ ತರಗತಿಯ ಮಕ್ಕಳು ಅಂಗೈ ಉಜ್ಜಿಕೊಳ್ಳುತ್ತ ಕಾದರು. ಕೊನೆಗೆ ಗೋಡೆ ಬೆಳಗಿತು. "ಇಂದಿನ ಸುದ್ದಿಯೇ ಇಂದಿನ ಪಾಠ" ಎಂದು ವಾರ್ತಾಬೋಧಕ ಯಂತ್ರ ಮೆಲುದನಿಯಲ್ಲಿ ಆರಂಭಿಸಿತು.

ಪಠ್ಯಪುಸ್ತಕಗಳು ಅಚ್ಚಾಗುವಷ್ಟರಲ್ಲೇ ಹಳತಾಗುತ್ತವೆಂದು ನಾಡಿನ ಶಾಲೆಗಳಿಗೆಲ್ಲ ಈ ಯಂತ್ರ ಬಂದಿತ್ತು. ಅದು ಬೆಳಗಿನ ಪತ್ರಿಕೆಗಳನ್ನು ಓದಿ, ಮಳೆಯ ಸುದ್ದಿಯಿಂದ ಭೂಗೋಳವನ್ನೂ ಸಂತೆಯ ಸುದ್ದಿಯಿಂದ ಲೆಕ್ಕವನ್ನೂ ಕಲಿಸುತ್ತಿತ್ತು. ಅದನ್ನು ರೂಪಿಸಿದ ವಿಜ್ಞಾನಿ ಡಾ. ಪ್ರಹ್ಲಾದ ಗಲಗಲಿ ಅಜ್ಜಿಯ ಕಥೆ ಕೇಳಿ ಬೆಳೆದವರು. ಕೇಳುವವರು ಹೂಂಗುಟ್ಟದಿದ್ದರೆ ಅಜ್ಜಿ ಕಥೆ ಮುಂದುವರಿಸುತ್ತಿರಲಿಲ್ಲ. ಆದ್ದರಿಂದ ಯಂತ್ರಕ್ಕೂ ಅವರು 'ಸಮ್ಮತಿಗ್ರಾಹಕ' ಎಂಬ ಕಿವಿಯನ್ನು ಇಟ್ಟಿದ್ದರು. ಮಕ್ಕಳು ಹೂಂ ಎಂದರೆ ಪಾಠ ಮುಂದಕ್ಕೆ. ಅನ್ನದಿದ್ದರೆ ತಿಳಿದಿಲ್ಲವೆಂದು ಎಣಿಸಿ, 'ಸರಳಕ' ಎಂಬ ಭಾಗ ಅದೇ ಮಾತನ್ನು ಇನ್ನಷ್ಟು ಬಿಡಿಸಿ ಹೇಳುತ್ತಿತ್ತು. ಎಲ್ಲಿ ಹೂಂ ಗಟ್ಟಿಯಾಗಿ ಕೇಳಿಸುವುದೋ ಅಲ್ಲಿಯ ಪಾಠ ನಾಡಿನ ಶಾಲೆಗಳಿಗೆಲ್ಲ ಹೋಗಿ ಶಾಶ್ವತವಾಗಿ ಉಳಿಯುತ್ತಿತ್ತು.

"ಬೆಳ್ಳಕ್ಕಿಕೊಪ್ಪದ ಶಾಲೆಯಲ್ಲಿ ಬಿಸಿಯೂಟ ಸೇವಿಸಿ ಮಕ್ಕಳು ಅಸ್ವಸ್ಥರಾದರು" ಎಂದಿತು ಯಂತ್ರ. "ಅಡುಗೆಯ ಸಂಗವ್ವನ ನಿರ್ಲಕ್ಷ್ಯವೇ ಇದಕ್ಕೆ ಕಾರಣ."

ಒಂದು ಹೂಂ ಕೂಡ ಬರಲಿಲ್ಲ. ಸರಳಕ ಕೆಲವು ಸಲ ಬಿಡಿಸಿ ಹೇಳಿ ನಿಂತುಬಿಟ್ಟಿತು. ಅಸ್ವಸ್ಥರಾದವರು ಅಲ್ಲಿಯೇ ಕೂತಿದ್ದರು. ಊರಿನ ಗುತ್ತಿಗೆದಾರರೊಬ್ಬರು ಮೊನ್ನೆ ತಮ್ಮ ಹುಟ್ಟುಹಬ್ಬಕ್ಕೆ ಹಂಚಿದ ಪೇಡೆ ತಿಂದವರಿಗೆ ವಾಂತಿಯಾಗಿತ್ತು. ಊಟವನ್ನಷ್ಟೇ ಮಾಡಿದವರಿಗೆ ಏನೂ ಆಗಿರಲಿಲ್ಲ. ಒಲೆಗೆ ಕೈಮುಗಿಯದೆ ಬೆಂಕಿ ಹಚ್ಚದ ಸಂಗವ್ವ ಈಗ ಕೆಲಸ ಬಿಟ್ಟು ಮನೆಯಲ್ಲಿ ಕೂರಬೇಕಾಗಿತ್ತು. ಈ ಪಾಠ ಶಾಶ್ವತವಾದರೆ ಅವಳು ಮರಳಿ ಬರುವ ಮಾತೇ ಇರಲಿಲ್ಲ.

ಮುಖ್ಯಗುರು ಕೋರಿಯವರು ಬಾಗಿಲಲ್ಲಿ ಇಣುಕಿದರು. ಶಾಲೆಗೆ ಹೊಸ ಕೋಣೆ ಕಟ್ಟಿಸಿಕೊಡುತ್ತಿದ್ದವರು ಅದೇ ಗುತ್ತಿಗೆದಾರರು.

"ಏನ್ ಅಕ್ಕೋರ, ಯಂತ್ರ ಯಾಕ ನಿಂತೈತಿ?"

"ಹುಡುಗ್ರು ಹೂಂ ಅನ್ನವಲ್ಲರ್ರೀ ಸರ" ಎಂದರು ಶಿಕ್ಷಕಿ ನೀಲಮ್ಮ.

"ಅನ್ನಸ್ರಿ ಮತ್ತ! ಮೂಗಿನಾಗ ಅಂದ್ರೂ ನಡೀತೈತಿ."

"ನನ್ನ ಕೈಲೆ ಆಗಂಗಿಲ್ರಿ. ನೀವ ಅನ್ನಸ್ರಿ."

ಕೋರಿಯವರು ಮುಂದಿನ ಸಾಲಿನತ್ತ ತಿರುಗಿದರು. "ಏ ಮಾಬೂಬಿ, ನೀ ಶಾಣ್ಯಾಕಿ. ಒಮ್ಮೆ ಹೂಂ ಅನ್ನವಾ."

ಮಾಬೂಬಿ ಎದ್ದು ನಿಂತಳು. "ಪೇಡೆ ಅಂದ್ರ ಹೂಂ ಅಂತೀನ್ರೀ ಸರ. ಸಂಗವ್ವ ಆಯಿ ಅಂದ್ರ ಒಲ್ಲೆ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಕೋರಿಯವರ ಮುಖ ಸಣ್ಣದಾಯಿತು.

ಯಂತ್ರ ನಿಂತ ಸಂಕೇತ ಕಂಡು ಮಧ್ಯಾಹ್ನದ ಹೊತ್ತಿಗೆ ಗಲಗಲಿಯವರೇ ಬಂದರು. ಸಮ್ಮತಿಗ್ರಾಹಕವನ್ನು ಬಿಚ್ಚಿ ನೋಡಿದರು. ಕಿವಿ ಚೊಕ್ಕಟವಾಗಿತ್ತು.

"ಮಕ್ಕಳಿಗೆ ತಿಳಿದಿಲ್ಲ, ಅಷ್ಟ. ತಿಳೀಲಾರದವರು ಸುಮ್ಮನಿರ್ತಾರ" ಎಂದರು.

"ತಿಳಿದೈತ್ರೀ" ಎಂದರು ನೀಲಮ್ಮ. "ತಿಳಿದೂ ಸುಮ್ಮನ ಕುಂತಾರ. ನಿಮ್ಮ ಅಜ್ಜಿ ಹೇಳಿದ್ದಕ್ಕೆಲ್ಲ ನೀವು ಹೂಂ ಅಂತಿದ್ರೇನು?"

ವಿಜ್ಞಾನಿ ಕೈಯಲ್ಲಿದ್ದ ಉಪಕರಣವನ್ನು ಕೆಳಗಿಟ್ಟರು.

"ಇಲ್ಲ" ಎಂದರು. "ರಾಜಕುಮಾರ ಸತ್ತ ಅಂದಾಗ ನಾ ಹೂಂ ಅಂತಿರಲಿಲ್ಲ. ಬೇಕಂತ ಸುಮ್ಮನಿರ್ತಿದ್ದೆ. ಅಜ್ಜಿ ಬೈಕೋತ ಅವನ್ನ ಬದುಕಿಸ್ತಿದ್ಲು."

ದೇವರು ಮನುಷ್ಯನಿಗೆ ಬಾಯಿ ಕೊಟ್ಟು, ಅದನ್ನು ಮುಚ್ಚಿಕೊಳ್ಳುವ ಅಧಿಕಾರವನ್ನೂ ಅವನಿಗೇ ಬಿಟ್ಟಿದ್ದಾನೆ. ಯಂತ್ರ ಕಟ್ಟುವಾಗ ಗಲಗಲಿಯವರು ಇದನ್ನು ಮರೆತಿದ್ದರು. ಸರಳಕವು ಎಷ್ಟು ಸಲ ಬಿಡಿಸಿ ಹೇಳಬೇಕೆಂಬುದಕ್ಕೆ ಒಂದು ಮಿತಿಯಿತ್ತು. ಅವರು ಆ ಮಿತಿಯನ್ನು ನಾಡಿನ ಎಲ್ಲ ಯಂತ್ರಗಳಿಂದಲೂ ತೆಗೆದುಹಾಕಿದರು.

"ಅಯ್ಯ, ಮ್ಯಾಲಿನವರಿಗೆ ನಾ ಏನ್ ಹೇಳ್ಲಿರಿ?" ಎಂದರು ಕೋರಿ.

"ಯಂತ್ರ ಕಲೀಲಿಕ್ಕತ್ತದ ಅಂತ ಹೇಳ್ರಿ."

ಗೋಡೆ ಮತ್ತೆ ಬೆಳಗಿತು. "ಸಂಗವ್ವನ ತಪ್ಪಿನಿಂದ ಮಕ್ಕಳಿಗೆ ವಾಂತಿಯಾಯಿತು."

ಯಾರೂ ಹೂಂ ಅನ್ನಲಿಲ್ಲ.

"ಸಂಗವ್ವನ ತಪ್ಪು ಎಂದು ಸುದ್ದಿ ಬರೆದವರು ಹೇಳುತ್ತಾರೆ."

ಮಾಬೂಬಿ ತುಟಿ ಬಿಗಿಹಿಡಿದಳು.

"ತಪ್ಪನ್ನು ಕಂಡವರ ಹೆಸರು ಸುದ್ದಿಯಲ್ಲಿಲ್ಲ. ಸಂಗವ್ವನ ಮಾತು ಇಲ್ಲ. ಮಕ್ಕಳ ಮಾತೂ ಇಲ್ಲ." ಯಂತ್ರ ತಡವರಿಸಿತು. "ಮಕ್ಕಳಿಗೆ ವಾಂತಿಯಾಯಿತು. ಯಾಕೆಂದು ನನಗೆ ಗೊತ್ತಿಲ್ಲ."

"ಹೂಂ!"

ಇಡೀ ತರಗತಿಯ ದನಿಗೆ ಮಾಳಿಗೆಯ ಪಾರಿವಾಳಗಳು ಹಾರಿಹೋದವು. ಯಂತ್ರ ಬಂದಂದಿನಿಂದ ಅಂಥ ಗಟ್ಟಿ ಹೂಂ ಯಾವ ಶಾಲೆಯಲ್ಲೂ ದಾಖಲಾಗಿರಲಿಲ್ಲ. ನಿಯಮದಂತೆ ಆ ಪಾಠ ಆಗಲೇ ನಾಡಿನ ತರಗತಿಗಳಿಗೆಲ್ಲ ಹೊರಟಿತು. ತಡೆಯುವ ಗುಂಡಿಯನ್ನು ಯಾರೂ ಮಾಡಿರಲಿಲ್ಲ.

ಆಮೇಲೆ ಆದದ್ದನ್ನು ಗಲಗಲಿಯವರೂ ಎಣಿಸಿರಲಿಲ್ಲ. ಕರಾವಳಿಯಲ್ಲಿ, ಬಯಲುಸೀಮೆಯಲ್ಲಿ, ಎಲ್ಲೆಲ್ಲೋ ಮಕ್ಕಳು ಪಾಠದ ನಡುವೆ ಬಾಯಿ ಮುಚ್ಚಿಕೊಳ್ಳತೊಡಗಿದರು. ಮೀನುಗಾರರ ಸುದ್ದಿಯಲ್ಲಿ ಮೀನುಗಾರರ ಮಾತೆಲ್ಲಿ ಎಂದು ಕಾದು ಕೂತರು. ಯಂತ್ರಗಳು ಸಾಲುಸಾಲಾಗಿ "ಗೊತ್ತಿಲ್ಲ" ಎನ್ನತೊಡಗಿದವು. ಪತ್ರಿಕೆಗಳಿಗೆ ನಾಚಿಕೆಯಾಯಿತೋ, ಭಯವಾಯಿತೋ, ಸುದ್ದಿ ಬರೆಯುವವರು ಬಸ್ಸು ಹತ್ತಿ ಊರುಗಳಿಗೆ ಹೊರಟರು. ಬೆಳ್ಳಕ್ಕಿಕೊಪ್ಪಕ್ಕೂ ಒಬ್ಬರು ಬಂದು ಮಕ್ಕಳ ನಡುವೆ ಕೂತರು. ಮಾಬೂಬಿ ಪೇಡೆಯಿಂದಲೇ ಶುರುಮಾಡಿದಳು.

ಸುದ್ದಿ ತಿದ್ದಿ ಅಚ್ಚಾದ ದಿನ ಗುತ್ತಿಗೆದಾರರ ಆಳುಗಳು ಸಲಕರಣೆ ಹೊತ್ತುಕೊಂಡು ಹೋದರು. ಹೊಸ ಕೋಣೆಯ ಗೋಡೆ ಅರ್ಧಕ್ಕೇ ನಿಂತಿತು. ಏಳನೆಯ ತರಗತಿಯವರು ಅದರ ನೆರಳಿನಲ್ಲೇ ಚಾಪೆ ಹಾಸಿಕೊಂಡು ಕೂತರು.

ಅಂದು ಸಂಜೆ ಕೋರಿಯವರು ಒಬ್ಬರೇ ಸಂಗವ್ವನ ಮನೆಗೆ ಬಂದರು. ಅವಳು ರೊಟ್ಟಿ ಬಡಿಯುತ್ತಿದ್ದಳು.

"ಬರ್ರಿ ಸರ. ನೀರು ಕುಡೀರಿ."

ಅವರು ಹೊಸ್ತಿಲ ಬಳಿ ಕೂತು, ಕೊಟ್ಟ ನೀರನ್ನು ಪೂರ್ತಿ ಕುಡಿದರು. ಏನೋ ಸಬೂಬು ಹೇಳತೊಡಗಿದರು. ಸಂಗವ್ವ ಕೈಯ ಹಿಟ್ಟನ್ನು ಸೆರಗಿಗೆ ಒರೆಸಿಕೊಂಡು ಕಾದಳು, ಹೂಂ ಅನ್ನಲಿಲ್ಲ. ಕೋರಿಯವರು ಜೇಬಿನಿಂದ ಶಾಲೆಯ ಅಡುಗೆಮನೆಯ ಕೀಲಿಕೈ ತೆಗೆದು, ತಲೆ ತಗ್ಗಿಸಿ, ಅವಳ ಅಂಗೈಯಲ್ಲಿಟ್ಟರು.