ಹೊಸ್ತಿಲಲ್ಲಿ ಉಳಿದ ಹೆಸರು

"ಹೆಸರು ಹೇಳವಾ, ಆಮ್ಯಾಲೆ ಒಳಗ ಬಾ!"

ನವನಗರದ ಆ ಮನೆಯ ಬಾಗಿಲಿಗೆ ನಾದಿನಿ ರಾಜಶ್ರೀ ಕೈ ಅಡ್ಡ ಹಿಡಿದು ನಿಂತಿದ್ದಳು. ಪ್ರಾಸದ ಒಡಪು ಕಟ್ಟಿ ಗಂಡನ ಹೆಸರು ಹೇಳದೆ ಮದುಮಗಳನ್ನು ಯಾರು ತಾನೇ ಒಳಗೆ ಬಿಟ್ಟಾರು?

ಭುವನೇಶ್ವರಿಗೆ ಒಡಪು ಬಾರದೆ ಇರಲಿಲ್ಲ. ತಿಂಗಳಿಂದ ಬಾಯಿಪಾಠ ಮಾಡಿದ್ದಳು. ಆದರೆ ಹಿಂದೆ ಬ್ಯಾಂಡು, ಸುತ್ತ ಹೆಂಗಸರ ನಗು, ಮೈಗೆ ಚುಚ್ಚುವ ಜರಿ, ಬೆನ್ನ ಮೇಲೆ ಯಾರದೋ ಕೈ... ಎಲ್ಲ ಒಮ್ಮೆಲೇ! ಗಂಟಲು ಕಟ್ಟಿತು. ಎರಡೂ ಕಿವಿ ಮುಚ್ಚಿಕೊಂಡು ಅಲ್ಲೇ ಕುಸಿದಳು.

"ಹೆಸರು ಹೇಳಾಕೂ ಮನಸ್ಸಿಲ್ಲ ಈಕಿಗೆ!" ಯಾರೋ ಅಂದರು.

ಪಕ್ಕದಲ್ಲಿದ್ದ ಗಂಡ ಶ್ರೀಶೈಲನ ಮುಖ ಕಪ್ಪಿಟ್ಟಿತು. ಒಂದು ಮಾತು ಕೇಳಬಾರದಿತ್ತೇ ಈ ಮಹಾರಾಯ? ಕೇಳಲಿಲ್ಲ. ಒಲ್ಲದವಳನ್ನು ಕಟ್ಟಿಹಾಕಬಾರದೆಂದು ತಾನೇ ತೀರ್ಮಾನಿಸಿ, ವಾರದೊಳಗೆ ಇಳಕಲ್ಲಿನ ತವರಿಗೆ ಬಿಟ್ಟುಬಂದ. ಒಳ್ಳೆಯವರ ದಡ್ಡತನಕ್ಕೆ ಮದ್ದಿಲ್ಲ ನೋಡಿ!

ಎರಡು ವರ್ಷ...

ಅವ್ವ ಅಳುತ್ತಿದ್ದಳು, ಓಣಿ ಆಡಿಕೊಳ್ಳುತ್ತಿತ್ತು. ಭುವನೇಶ್ವರಿ ಸೀರೆಗಳಿಗೆ ಕುಚ್ಚು ಕಟ್ಟುತ್ತಾ ಕೂತಿರುತ್ತಿದ್ದಳು. ಉಡಿ ತುಂಬುವ ಕಾರ್ಯಗಳಿಗೆ ಅವಳನ್ನು ಕರೆಯುವುದನ್ನೇ ಜನ ಬಿಟ್ಟರು. ಗದ್ದಲ ಒಲ್ಲದವಳಿಗೆ ಅದು ಸಮಾಧಾನ ಆಗಬೇಕಿತ್ತು. ಆಗಲಿಲ್ಲ. ಮನೆ ಬಿಕೋ ಅನ್ನುತ್ತಿತ್ತು.

'ಎಲ್ಲಾರಿಗೂ ಸಲೀಸ ಬರೂದು ನನಗೊಬ್ಬಾಕಿಗೆ ಯಾಕ ಬರೂದಿಲ್ಲ?'

ಉತ್ತರ ಸಿಕ್ಕಿದ್ದು ಮೂವತ್ತೊಂದನೇ ವಯಸ್ಸಿಗೆ, ಬಾಗಲಕೋಟೆಯ ಒಂದು ಮನೋವೈದ್ಯರ ದವಾಖಾನೆಯಲ್ಲಿ.

"ಇದಕ್ಕ ಆಟಿಸಂ ಅಂತಾರ," ಡಾಕ್ಟರಮ್ಮ ನಿಧಾನವಾಗಿ ಹೇಳಿದರು. "ಹುಟ್ಟಿದಾಗಿಂದ ನೀವು ಹಿಂಗ ಇದ್ದೀರಿ. ರೋಗ ಅಲ್ರಿ. ನಿಮ್ಮ ತಪ್ಪೂ ಅಲ್ಲ."

ತಪ್ಪಲ್ಲ! ಆ ಒಂದು ಮಾತಿಗೆ ಊರು ಮುಟ್ಟುವವರೆಗೂ ಬಸ್ಸಿನಲ್ಲಿ ಅತ್ತಳು. ಇದನ್ನು ಹೇಳಿಕೊಳ್ಳಬೇಕು ಅನ್ನಿಸಿದ್ದು ಒಬ್ಬನಿಗೇ. ಅವನೇ ದೂರ.

ಮರುವಾರ ಶ್ರೀಶೈಲ ತಾನಾಗಿಯೇ ಬಂದ. ಅವ್ವ ಚಹಾ ಇಡಲು ಒಳಗೆ ಹೋದಳು.

"ಭುವನಾ, ಇನ್ನೂ ಎಷ್ಟ ದಿವ್ಸ ಹಿಂಗ? ಸೋಡಚೀಟಿ ಮಾಡಿಕೊಂಡು ಬ್ಯಾರೆ ಆಗೂಣು. ನಿನಗ ಮನಸ್ಸಿದ್ದವ್ರನ್ನ ಮಾಡಿಕೊಂಡು ಆರಾಮ ಇರು."

ಈಗ ಗಂಟಲು ಕಟ್ಟಿದರೆ ಎಲ್ಲ ಮುಗಿದಂತೆ! ಅವಳು ಅವನ ಮುಖ ನೋಡಲಿಲ್ಲ. ಗೋಡೆ ನೋಡುತ್ತಾ ಒಂದೊಂದೇ ಮಾತು ಹೊರತೆಗೆದಳು.

"ನನಗ ಆಟಿಸಂ ಐತ್ರಿ. ಗದ್ದಲದಾಗ ಬಾಯಿ ಬಂದ್ ಆಗತೈತಿ. ಮಾರಿ ನೋಡಿದ್ರ ಮಾತು ಮರೀತೇನಿ. ಅವತ್ತು ಮನಸ್ಸಿಲ್ಲಂತ ಅಲ್ರಿ... ಭಾಳ ಇತ್ತು. ಇನ್ನೂ ಐತಿ."

ಶ್ರೀಶೈಲ ತಲೆ ತಗ್ಗಿಸಿದ.

"ನಾ ಒಮ್ಮೀನೂ ಕೇಳಲಿಲ್ಲ..." ಅವನು ಎದ್ದು ನಿಂತ. "ನಡಿ, ಮನಿಗೆ ಹೋಗೂಣು."

"ಆ ಮನಿಗೆ ಆಗೂದಿಲ್ರಿ. ಅಲ್ಲಿ ದಿನಾ ಮಂದಿ. ನಾ ಬದಲಾಗಾಕಿ ಅಲ್ಲ." ಹೇಳಿಬಿಟ್ಟಳು.

"ಬದಲಾಗು ಅಂದೆನೇನು? ಬ್ಯಾರೆ ಮನಿ ಹಿಡೀತೇನಿ. ಸಣ್ಣದು. ನಾವಿಬ್ಬರ ಇರೂಣು."

ಅವಳ ಕಣ್ಣು ತುಂಬಿತು. ಅವನ ಕೈ ಅವಳ ಕೈಯತ್ತ ಬಂದು ಅರ್ಧಕ್ಕೇ ನಿಂತಿತು.

"ಹಿಡೀಲೇನು?"

"ಇವತ್ತು ಬ್ಯಾಡ್ರಿ."

"ಹಂಗಾರ... ನಾ ಹೋಗಲೇನು?"

"ಬ್ಯಾಡ! ಬಾಜೂಕ ಕುಂದರ್ರಿ."

ಅವನು ಪಕ್ಕದಲ್ಲಿ ಕೂತ.