ಕಲ್ಲಿಲ್ಲದ ಜಾಗಕ್ಕೆ ಹೂವು

ಮೇ ಕೊನೆಯ ಶುಕ್ರವಾರ ಬೆಳಿಗ್ಗೆ ನೆಬ್ರಾಸ್ಕದ ಆ ಸಣ್ಣ ಠಾಣೆಗೆ ದೂರು ಬಂತು: ಊರಾಚೆಯ ಸ್ಮಶಾನದ ಪೊದೆ ಮುಚ್ಚಿದ ಮೂಲೆಯಲ್ಲಿ ಒಂದು ಸಮಾಧಿ ಕಲ್ಲು ಕಳುವಾಗಿದೆ. ದೂರುದಾರಳು ಒಹಾಯೊದ ರೂತ್ ಲೇಕಿನ್.

"ಯಾರ ಕಲ್ಲು?" ಶೆರಿಫ್ ಮಾರ್ಲೀನ್ ಕುಬಿಕ್ ಕೇಳಿದಳು.

"ನಮ್ಮಮ್ಮನ ಮುತ್ತಜ್ಜಿ ಮಾರ್ಥಾದು. 'ಏಸಾ ಪ್ರೂಯಿಟ್‌ನ ಹೆಂಡತಿ' ಅಂತ ಕೆತ್ತಿತ್ತು. ಹೋದ ವರ್ಷ ಕಣ್ಣಾರೆ ನೋಡಿದೀನಿ."

ಏಸಾ ಪ್ರೂಯಿಟ್ ಈ ಬಯಲಿಗೆ ಮೊದಲು ನೇಗಿಲು ಹಾಕಿದವನು. ಕೋರ್ಟಿನೆದುರು ಅವನ ಪ್ರತಿಮೆ ಇದೆ, ಪಕ್ಕದಲ್ಲಿ ಹೆಂಡತಿ ಕ್ಲಾರಾಳದ್ದು.

"ಕ್ಲಾರಾ ಆಮೇಲೆ ಬಂದೋಳು," ಎಂದಳು ರೂತ್. "ಏಸಾ ಮಾರ್ಥಾನ ತನ್ನ ಹಳೇ ಊರಲ್ಲೇ ಬಿಟ್ಟು ಬಂದಿದ್ದ. ಅವಳು ಮಗೂನ ಎತ್ಕೊಂಡು ಹುಡುಕ್ಕೊಂಡು ಬಂದ್ಲು. ಹಿಮ ಬೀಳ್ತಿತ್ತು, ಅವನು ಬಾಗಿಲು ತೆಗೀಲಿಲ್ಲ, ಅವಳು ಹೊರಗೇ ಸತ್ಲು. ನೆರೆಯವರು ಅವಳನ್ನ ಮಣ್ಣು ಮಾಡಿ, ಕಲ್ಲು ನೆಟ್ಟು, ಮಗೂನ ಸಾಕಿದ್ರು. ಸೋಮವಾರ ಅಮ್ಮ ಹೂ ಇಡೋಕೆ ಬರ್ತಿದಾರೆ. ತೊಂಬತ್ತು ದಾಟಿದೆ. ಇನ್ನೊಂದು ಸಲ ಬರೋಕಾಗಲ್ಲ."

"ಇದನ್ನ ಇಲ್ಲಿ ಯಾರಿಗಾದ್ರೂ ಹೇಳಿದ್ರಾ?"

"ವೆಂಡೆಲ್ ಪ್ರೂಯಿಟ್‌ಗೆ. ಏಸಾನ ಮರಿಮಗ, ನಮಗೂ ನೆಂಟರು ತಾನೇ ಅಂತ."

ಮಾರ್ಲೀನ್ ಹೋಗಿ ವೆಂಡೆಲ್‌ನನ್ನು ವಿಚಾರಿಸಿದಳು. "ನಂಗೇನು ಗೊತ್ತು ಮಗಳೇ," ಎಂದ ಮುದುಕ. ಚರ್ಚಿನ ಭಾನುವಾರದ ಶಾಲೆಯಲ್ಲಿ ತನಗೇ ಪಾಠ ಹೇಳಿದವನನ್ನು ಅನುಮಾನಿಸಲು ಅವಳಿಗೆ ನಾಚಿಕೆಯಾಯಿತು. ಮಹಜರಿನಲ್ಲಿ ಕಲ್ಲು ಕಿತ್ತ ಗುಂಡಿಯ ಅಳತೆ ಬಿಟ್ಟರೆ ಬರೆಯಲು ಏನೂ ಸಿಗಲಿಲ್ಲ.

ಸೋಮವಾರ ಹಿರಿಯರ ಸ್ಮರಣೆಯ ದಿನ. ಊರವರೆಲ್ಲ ಅಂಗಳದ ಪಿಯೊನಿ ಹೂಗಳನ್ನು ಕಾಫಿ ಡಬ್ಬಿಯಲ್ಲಿಟ್ಟು ಸಮಾಧಿಗಳಿಗೆ ತರುತ್ತಾರೆ. ಬೆಳಿಗ್ಗೆ ನೋಡಿದರೆ ಮಾರ್ಥಾಳ ಖಾಲಿ ಗುಂಡಿಯ ಪಕ್ಕದಲ್ಲೂ ಒಂದು ಡಬ್ಬಿ ಇತ್ತು.

"ಕಳ್ಳ ನಮ್ಮೂರೋನೇ ಮೇಡಂ," ಎಂದ ಸಹಾಯಕ ಡೇಲ್. "ಬೇರೆಯೋನಾಗಿದ್ರೆ ಕಲ್ಲು ಕದ್ದು ಹೂ ಬೇರೆ ಇಡ್ತಿದ್ನಾ?"

ಬಿಳಿ ಹೂವು, ನಡುವೆ ಕೆಂಪು ಚುಕ್ಕಿ. ಅದು ಯಾರ ಅಂಗಳದ್ದೆಂದು ಊರಿಗೆಲ್ಲ ಗೊತ್ತು.

"ವೆಂಡೆಲ್ ಮಾವ, ಕಲ್ಲೆಲ್ಲಿ?"

ಅವನು ಕೊಟ್ಟಿಗೆಯ ಹಳೇ ಬಂಡಿಯ ಹುಲ್ಲು ಸರಿಸಿದ. ಪ್ರತಿ ವರ್ಷ ಊರ ಹಬ್ಬದಲ್ಲಿ ಏಸಾನ ಟೋಪಿ ಹಾಕಿ ಓಡಿಸುವ ಬಂಡಿ ಅದು. ಕಲ್ಲಿನ ಅಂಚು ಒಂದೆಡೆ ಒಡೆದಿತ್ತು.

"ಸುತ್ತಿಗೆ ಎತ್ತಿದೆ. ಒಂದೇಟು ಹಾಕ್ದೆ. ಇನ್ನೊಂದು ಹಾಕೋಕಾಗ್ಲಿಲ್ಲ."

"ಯಾಕೆ ಕದ್ರಿ? ಏಸಾನ ಮರ್ಯಾದೆ ಉಳಿಸೋಕಾ?"

"ಅವನದ್ದಲ್ಲಮ್ಮ, ನನ್ನದು. ಹಬ್ಬದಲ್ಲಿ ನಾನು ಹಿಮದಲ್ಲಿ ಬಾಗಿಲು ಬಡಿಯೋ ಹುಚ್ಚಿ ಕತೆ ಹೇಳ್ತಿದ್ನಲ್ಲ... 'ನಾನೇ ಕಣೋ ನಿನ್ನ ಹೆಂಡ್ತಿ' ಅಂತ ಹೆಣ್ಣು ದನಿ ಮಾಡಿ? ಅವಳೇ ಇವಳು."

ಮಾರ್ಲೀನ್‌ಳ ಮುಖ ಕೆಂಪಾಯಿತು. ಅಪ್ಪನ ಹೆಗಲೇರಿ ಆ ಕತೆಗೆ ಅವಳೂ ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದಳು. ಹೋದ ವರ್ಷವೂ ನಕ್ಕಿದ್ದಳು.

ವೆಂಡೆಲ್‌ನನ್ನು ಬಂಧಿಸಲಾಯಿತು. ವರದಿಯಲ್ಲಿ ಕಾರಣವನ್ನು ಒಂದೇ ಮಾತಿನಲ್ಲಿ ಬರೆದಳು: ನಾಚಿಕೆ.

ಮಧ್ಯಾಹ್ನದೊಳಗೆ ಡೇಲ್ ಕಲ್ಲನ್ನು ಮತ್ತೆ ನೆಟ್ಟ. ಸುದ್ದಿ ಹಬ್ಬಿ ಊರೇ ಅಲ್ಲಿ ಸೇರಿತ್ತು. ಯಾರೂ ತಲೆ ಎತ್ತಲಿಲ್ಲ. ರೂತ್‌ಳ ತಾಯಿ ಗಾಲಿಕುರ್ಚಿಯಿಂದ ಬಗ್ಗಿ, ಕಲ್ಲಿನ ಮೇಲಿನ ಹೆಸರನ್ನು ಬೆರಳಲ್ಲಿ ಸವರಿ ಸುತ್ತ ನೋಡಿದಳು.

"ಇಷ್ಟು ಜನಕ್ಕೂ ಇವಳ ಗುರುತಿತ್ತೇನಮ್ಮ?"

"ಇತ್ತು ಅಜ್ಜಿ," ಎಂದಳು ಮಾರ್ಲೀನ್. "ಎಲ್ಲರಿಗೂ ಇತ್ತು."

ಮುದುಕಿಯ ಮುಖ ಅರಳಿತು.