ಇನ್ನು ಆಫ್ ಆಗಲ್ಲ

ಪೆಟ್ಟಿಗೆ ಬಿಚ್ಚಬೇಡವೆಂದು ಮಾರಕ್ಕ ಮೂರು ಸಲ ಹೇಳಿದಳು. ಮೂರು ಸಲವೂ ಪರಮೇಶ್ ನಕ್ಕ.

ಶಿರಾದಿಂದ ಬಂದು ಪಾವಗಡದಲ್ಲಿ ರಿಪೇರಿ ಅಂಗಡಿ ತೆರೆದು ಅವನಿಗಿನ್ನೂ ಮೂರು ತಿಂಗಳು. ಈ ಊರಿನಲ್ಲಿ ಕೆಟ್ಟ ಕಂಪ್ಯೂಟರ್‌ಗಳಿಗಿಂತ ಅವಕ್ಕೆ ಕಟ್ಟಿದ ಕರಿದಾರಗಳೇ ಹೆಚ್ಚು ಎಂದು ಶಿರಾದ ಗೆಳೆಯರಿಗೆ ಫೋನಿನಲ್ಲಿ ಹೇಳಿ ನಗಿಸುತ್ತಿದ್ದ. ಕೈ ಚುರುಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕೈಯಲ್ಲಿದ್ದ ಚುರುಕು ಜಂಬವಾಗಿ ತಲೆಗೇರಿಬಿಟ್ಟಿತ್ತು.

ಕ್ಯಾತಗಾನಚೆರ್ಲುವಿನ ಯುವರಾಜ್ ಆ ಬೆಳಿಗ್ಗೆ ತಂದದ್ದು ಗೇಮ್ ಆಡುವ ಕಂಪ್ಯೂಟರ್. ಗಾಜಿನ ಬಾಗಿಲಿನ, ತೂಕದ ಕರಿ ಪೆಟ್ಟಿಗೆ. ಆಟೋದಿಂದ ಅದನ್ನು ಇಳಿಸಿದವರು ಡ್ರೈವರ್ ಮತ್ತು ಮಾರಕ್ಕ. ಇಪ್ಪತ್ತೆರಡು ವರ್ಷದ ಗಟ್ಟಿಮುಟ್ಟಾದ ಮಗ ಪಕ್ಕದಲ್ಲಿ ಮುಖ ಕೆಂಪಗೆ ಮಾಡಿಕೊಂಡು ನಿಂತಿದ್ದ. ಅವನು ಒಂದು ಕೊಡ ನೀರು ಎತ್ತುವುದಕ್ಕೂ ತಾಯಿ ಬಿಡುತ್ತಿರಲಿಲ್ಲ.

ಹಾಡು ಕೇಳಿದರೆ, ಸಿನಿಮಾ ನೋಡಿದರೆ ದಿನವಿಡೀ ಓಡುತ್ತದೆ. ಗೇಮ್ ಹಾಕಿ ಅದರ ಮೇಲೆ ಭಾರ ಬಿದ್ದ ಐದೇ ನಿಮಿಷಕ್ಕೆ ಟಪ್ ಎಂದು ಆರಿಹೋಗುತ್ತದೆ ಎಂದ ಯುವರಾಜ್. ಭಾನುವಾರ ಅವನ ತಂಡಕ್ಕೆ ಪಂದ್ಯವಿತ್ತು.

ಮಾರಕ್ಕ ಹೇಳಿದ್ದೇ ಬೇರೆ. ಬದುವಿನ ಜಗಳದಲ್ಲಿ ದಾಯಾದಿಗಳು ಮಾಡಿಸಿದ ಮಾಟವಂತೆ: ಈ ಮನೆಯ ಗಂಡಸಿನ ಮೇಲೆ ಭಾರ ಬಿದ್ದ ಗಳಿಗೆ ಅವನ ಉಸಿರು ನಿಲ್ಲಲಿ. ಮೈದುನ ಚಪ್ಪಡಿ ಕಲ್ಲು ಎತ್ತುವಾಗ ಹೋದ. ಗಂಡ ಕದರಪ್ಪ ಕಡಲೆಕಾಯಿ ಮೂಟೆಗೆ ಬೆನ್ನು ಕೊಟ್ಟವನು ಕೂಗಲಿಲ್ಲ, ನರಳಲಿಲ್ಲ, ನಿಂತಲ್ಲೇ ಕುಸಿದ. ಆಮೇಲೆ ಆಂಧ್ರದ ಗಡಿಯಾಚೆಯ ಮಂತ್ರವಾದಿಯೊಬ್ಬ ಮನೆಗೆ ಬಂದು, ಮನುಷ್ಯನ ಹಾಗೆ ಗಾಳಿ ಎಳೆದು ಗಾಳಿ ಬಿಡುವ ವಸ್ತು ಇಲ್ಲಿ ಯಾವುದಿದೆಯೆಂದು ಹುಡುಕಿ, ಮಗನ ಮೇಲಿನದ್ದನ್ನು ಇಳಿಸಿ ಈ ಪೆಟ್ಟಿಗೆಗೆ ಕಟ್ಟಿದನಂತೆ.

“ಅದು ಆಫ್ ಆದಾಗೆಲ್ಲ ನನ್ ಮಗ ಉಳ್ಕಂಡ ಅಂತ ತಿಳ್ಕ ನಾಯನಾ,” ಎಂದಳು. “ಕಟ್ಟಿರೋದ್ನ ಬಿಚ್ಬ್ಯಾಡ.”

“ಇದ್ರಾಗೆ ಮಾಟ ಇಲ್ಲ ಕಣಮ್ಮ, ಧೂಳೈತೆ,” ಎಂದ ಪರಮೇಶ್. “ಮಧ್ಯಾಹ್ನ ಬನ್ನಿ. ಇನ್ನು ಯಾವತ್ತೂ ಆಫ್ ಆಗಲ್ಲ, ಹಂಗ್ ಮಾಡ್ಕೊಡ್ತೀನಿ.”

ಯುವರಾಜ್ ನಾಚಿಕೆಯಿಂದ ತಾಯಿಯನ್ನು ಬಸ್ ಸ್ಟ್ಯಾಂಡಿನ ನೆರಳಿಗೆ ಸಾಗಹಾಕಿದ.

ಬಿಸಿಲು ಏರಿತು. ಪರಮೇಶ್ ಶಟರನ್ನು ಅರ್ಧಕ್ಕೆ ಎಳೆದುಕೊಂಡು, ಕಾದ ತಗಡಿನ ಆ ಮಬ್ಬಿನಲ್ಲಿ ಕೆಲಸಕ್ಕೆ ಕುಳಿತ. ಧೂಳು ಊದಿದ. ಪ್ರೊಸೆಸರ್ ಮೇಲೆ ಒಣಗಿದ್ದ ಪೇಸ್ಟ್ ಒರೆಸಿ ಹೊಸದು ಹಚ್ಚಿದ. ಕಂಪ್ಯೂಟರಿಗೆ ಪೂರ್ತಿ ಕೆಲಸ ಹಚ್ಚಿ ಭಾರ ಕೊಡುವ ಪರೀಕ್ಷೆ ಹಾಕಿದ. ಶಾಖ ಹದವಾಗಿಯೇ ಇತ್ತು, ಆದರೂ ಟಪ್. ರ‍್ಯಾಮ್ ಬದಲಿಸಿದ, ಟಪ್. ಗ್ರಾಫಿಕ್ಸ್ ಕಾರ್ಡ್ ತೆಗೆದು ಬೇರೆ ಹಾಕಿದ, ಟಪ್. ಉಳಿದದ್ದು ತಳದಲ್ಲಿ ಕೂತಿದ್ದ ಪವರ್ ಸಪ್ಲೈ ಒಂದೇ.

ಅದನ್ನು ಹೊರಗೆಳೆದಾಗ ವಾಸನೆ ಮೂಗಿಗೆ ಅಡರಿತು. ಸುಟ್ಟ ಕೂದಲು, ಹರಳೆಣ್ಣೆ, ಕೊಳೆತ ನಿಂಬೆಹಣ್ಣು. ಫ್ಯಾನಿನ ಜಾಲರಿಗೆ ಏಳು ಗಂಟಿನ ಕರಿದಾರ ಸುತ್ತಿ, ಅಂಗೈಯಗಲದ ತಾಮ್ರದ ತಗಡೊಂದನ್ನು ಬಿಗಿದಿದ್ದರು. ಗಾಳಿ ಹೋಗುವ ದಾರಿಯೇ ಮುಚ್ಚಿತ್ತು.

ಪರಮೇಶನಿಗೆ ನಗು ತಡೆಯಲಾಗಲಿಲ್ಲ. ಗಾಳಿಯಿಲ್ಲದೆ ಪವರ್ ಸಪ್ಲೈ ಕಾಯುತ್ತದೆ. ಕಾದರೆ ಸುಟ್ಟುಹೋಗಬಾರದೆಂದು ತನಗೆ ತಾನೇ ಆರುತ್ತದೆ. ಇಷ್ಟೇ ಇವರ ಮಾಟ. ದಾರ ಕತ್ತರಿಸಿ ತಗಡನ್ನು ಗುಜರಿ ಡಬ್ಬಕ್ಕೆ ಎಸೆದ. ಯಂತ್ರ ಆರಿ ಅರ್ಧ ಗಂಟೆಯಾಗಿದ್ದರೂ ತಗಡು ಬೆರಳು ಚುರುಗುಟ್ಟುವಷ್ಟು ಬಿಸಿಯಿತ್ತು. ಅದನ್ನವನು ಗಣನೆಗೆ ತರಲಿಲ್ಲ.

ಆಮೇಲೆ ಎಲ್ಲ ಮತ್ತೆ ಜೋಡಿಸಿ ಒಂದು ಗಂಟೆ ಭಾರ ಕೊಟ್ಟ. ಕಂಪ್ಯೂಟರ್ ಮಿಸುಕಲಿಲ್ಲ. ಯುವರಾಜ್ ಬಂದು ಅಲ್ಲೇ ಕೂತು ಇಡೀ ಆಟ ಆಡಿದ. ಗೆದ್ದು, ಕುರ್ಚಿಯಲ್ಲೇ ತಿರುಗಿ ಪರಮೇಶನ ಕೈ ಹಿಡಿದುಕೊಂಡ. ಎಂಥ ಚಂದದ ನಗು ಅದು. ಈ ಪಾಪಿ ಪರಮೇಶ್ ಅಷ್ಟಕ್ಕೆ ಸುಮ್ಮನಾಗಬಹುದಿತ್ತು.

ಆಟೋ ಬಂತು. ಪೆಟ್ಟಿಗೆ ಎತ್ತಲು ಬಗ್ಗಿದ ಪರಮೇಶನಿಗೆ ಮಾರಕ್ಕನ ಮುಖ ನೆನಪಾಗಿ ತಮಾಷೆ ಉಕ್ಕಿತು. ಕೈ ಹಿಂದಕ್ಕೆ ತೆಗೆದ.

“ನೀನೇ ಎತ್ಕಳ್ಲಾ. ಹೊತ್ಕಂಡೋಗಿ ನಿಮ್ಮವ್ವಂಗೆ ತೋರ್ಸು.”

ಯುವರಾಜ್ ಒಂದು ಗಳಿಗೆ ಅನುಮಾನಿಸಿದ. ಆಮೇಲೆ ಪ್ಲಗ್ ಕಿತ್ತು, ವೈರನ್ನು ಮುಂಗೈಗೆ ಸುತ್ತಿಕೊಂಡ. ಪೆಟ್ಟಿಗೆಯನ್ನು ಎದೆಗವಚಿ ಎತ್ತಿದ. ಒಂದು ಹೆಜ್ಜೆ. ಎರಡು ಹೆಜ್ಜೆ.

ಟಪ್.

ಕೂಗಲಿಲ್ಲ. ನರಳಲಿಲ್ಲ. ಮೊಣಕಾಲು ಮಡಿಸಿ, ಪೆಟ್ಟಿಗೆಯನ್ನು ತಬ್ಬಿಕೊಂಡೇ ಕೂತ. ತಲೆ ಗಾಜಿಗೆ ಒರಗಿತು. ಕಣ್ಣು ತೆರೆದೇ ಇತ್ತು. ಆ ನಗು ಇನ್ನೂ ತುಟಿಯಲ್ಲಿತ್ತು.

ಪರಮೇಶ್ ಹೆಸರು ಹಿಡಿದು ಕರೆದ. ಅಲುಗಿಸಿದ. ಎದೆ ಒತ್ತಿದ. ಮೂಗಿನ ಬಳಿ ಬೆರಳಿಟ್ಟ. ಏನೂ ಇಲ್ಲ. ಆಗ ಸದ್ದು ಕೇಳಿತು. ಗುಂಯ್... ಗುಂಯ್... ಗಾಜಿನೊಳಗೆ ದೀಪ ಹತ್ತಿತು. ಫ್ಯಾನುಗಳು ತಿರುಗತೊಡಗಿದವು. ಜೋರಾಗಿ, ನಿಧಾನವಾಗಿ. ಮತ್ತೆ ಜೋರಾಗಿ, ಮತ್ತೆ ನಿಧಾನವಾಗಿ. ನಿದ್ದೆ ಮಾಡುವವನ ಉಸಿರಿನ ಹಾಗೆ. ಪ್ಲಗ್ ಇನ್ನೂ ಯುವರಾಜನ ಮುಂಗೈಯಿಂದ ನೇತಾಡುತ್ತಿತ್ತು.

ಪರಮೇಶ್ ಬಟನ್ ಒತ್ತಿದ. ಆರಲಿಲ್ಲ. ಒತ್ತಿ ಹಿಡಿದ. ಆರಲಿಲ್ಲ. ಗುಜರಿ ಡಬ್ಬ ನೆಲಕ್ಕೆ ಸುರಿದು ತಡಕಾಡಿದ. ತಗಡು ಸಿಕ್ಕಿತು. ಮುಟ್ಟಿದೊಡನೆ ಕರಿ ಬೂದಿಯಾಗಿ ಬೆರಳ ಸಂದಿಯಲ್ಲಿ ಉದುರಿಹೋಯಿತು. ಅಂಗಡಿಯ ತುಂಬ ಸುಟ್ಟ ಕೂದಲಿನ ವಾಸನೆ.

ಶಟರಿನ ಕೆಳಗೆ ಬಗ್ಗಿ ಮಾರಕ್ಕ ಒಳಗೆ ಬಂದಳು. ಅಳಲಿಲ್ಲ. ಮಗನ ಮೂಗಿನ ಬಳಿ ಅಂಗೈ ಹಿಡಿದಳು, ತೆಗೆದಳು. ಪೆಟ್ಟಿಗೆಯ ಜಾಲರಿಗೆ ಹಿಡಿದಳು. ಅಲ್ಲಿಂದ ತೆಗೆಯಲಿಲ್ಲ.

ಪರಮೇಶ್ ಸ್ಕ್ರೂಡ್ರೈವರ್ ಹಿಡಿದು ಹತ್ತಿರ ಬಂದ.

“ವದ್ದು, ಬ್ಯಾಡ,” ಎಂದಳು ಅವಳು, ತಗ್ಗಿದ ದನಿಯಲ್ಲಿ. “ಆಫ್ ಮಾಡ್ಬ್ಯಾಡ. ನನ್ ಮಗ ಉಸಿರಾಡ್ತವ್ನೆ.”

ಯುವರಾಜನನ್ನು ಊರಿಗೆ ಒಯ್ದು ಮಣ್ಣು ಮಾಡಿದರು. ಪೆಟ್ಟಿಗೆಯನ್ನು ಊರೊಳಗೆ ತರಲು ಜನ ಬಿಡಲಿಲ್ಲ. ಅದು ಅಂಗಡಿಯಲ್ಲೇ ಉಳಿಯಿತು. ಪರಮೇಶ್ ಶಿರಾಕ್ಕೆ ಹಿಂತಿರುಗಲಿಲ್ಲ. ಗೆಳೆಯರ ಫೋನ್ ಎತ್ತುವುದೂ ಇಲ್ಲ. ಮಾರಕ್ಕ ದಿನವೂ ಮೊದಲ ಬಸ್ಸಿಗೆ ಬರುತ್ತಾಳೆ. ಜಾಲರಿಗೆ ಅಂಗೈ ಹಿಡಿದು ಸಂಜೆಯವರೆಗೆ ಕೂತು, ಹೊರಡುವಾಗ ಅದೊಂದೇ ಮಾತು ಕೇಳುತ್ತಾಳೆ.

“ಆಫ್ ಆಗಲ್ಲ ತಾನೇ ನಾಯನಾ?”

ಪರಮೇಶ್ ತಲೆ ಎತ್ತದೆ ಹೇಳುತ್ತಾನೆ.

“ಇಲ್ಲಮ್ಮ. ಆಗಲ್ಲ.”